ಕ್ಯಾನ್ಸರಿನ ಹರಡುವಿಕೆ ಮತ್ತು ಗಡ್ಡೆಯ ರಕ್ತನಾಳಗಳು
(ಸಂಘದ ವಾರ್ಷಿಕ ಸಮಾರಂಭದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಬಹುಮಾನ ವಿತರಣೆಗೆ ಕಾದು ಕುಳಿತ ಮಕ್ಕಳ ಮುಂದೆ ಕ್ಯಾನ್ಸರಿನ ಮಾತು ಬೇಕೇ ಎಂದು ಮೊದಲು ನನಗೂ ಅನಿಸಿತು. ಆದರೆ ತಮ್ಮ ಮನೆಗೂ ನೆರೆಮನೆಗೂ ಈ ಕಾಯಿಲೆ ಬಂದೇ ಇಲ್ಲ ಎನ್ನುವವರು ಕೈಯೆತ್ತಿ ಎಂದರೆ ಈ ಸಭಾಂಗಣದಲ್ಲಿ ಎಷ್ಟು ಕೈಗಳು ಮೇಲೇಳಬಹುದು? ಹೆಚ್ಚೇನಿಲ್ಲ. ಆದ್ದರಿಂದ ಮಾತನಾಡುವುದೇ ಒಳ್ಳೆಯದು. ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ವೈದ್ಯಕೀಯ ವಿದ್ಯಾರ್ಥಿಗಳಿಗೆ ಔಷಧಶಾಸ್ತ್ರ ಕಲಿಸುವವನು, ಕ್ಯಾನ್ಸರ್ ತಜ್ಞನಲ್ಲ. ನಿಮ್ಮ ಮನೆಯ ರೋಗಿಯ ಚಿಕಿತ್ಸೆಯನ್ನು ಅವರ ವೈದ್ಯರೇ ನಿರ್ಧರಿಸಬೇಕು.

ನಮ್ಮ ಕಡೆ ಒಂದು ಮಾತಿದೆ, ನೀವೂ ಕೇಳಿರುತ್ತೀರಿ. "ಕ್ಯಾನ್ಸರಿಗೆ ಚೂರಿ ತಾಗಿಸಬಾರದು, ತಾಗಿಸಿದರೆ ಹರಡುತ್ತದೆ." ಎದೆಯಲ್ಲಿ ಗಂಟು ಕಾಣಿಸಿಕೊಂಡ ಹೆಂಗಸರು ಈ ಮಾತಿಗೆ ಹೆದರಿ, ಬಯಾಪ್ಸಿಗೂ ಒಪ್ಪದೆ ಎಂಟು ಹತ್ತು ತಿಂಗಳು ಮನೆಯಲ್ಲೇ ಕುಳಿತದ್ದನ್ನು ನಾನು ನೋಡಿದ್ದೇನೆ. ಈ ಮಾತು ಪೂರ್ತಿ ಸುಳ್ಳೇ, ಅಥವಾ ಅದರಲ್ಲಿ ಒಂದು ಎಳೆ ಸತ್ಯವಿದೆಯೇ? ಇದಕ್ಕೆ ಉತ್ತರ ಕೊಡಬೇಕಾದರೆ ಗಡ್ಡೆಯ ಒಳಗಿನ ರಕ್ತನಾಳಗಳ ಕಥೆಯನ್ನು ಹೇಳಬೇಕಾಗುತ್ತದೆ.

ಕ್ಯಾನ್ಸರಿನಿಂದ ಸಾಯುವವರಲ್ಲಿ ಹೆಚ್ಚಿನವರು ಸಾಯುವುದು ಮೊದಲು ಹುಟ್ಟಿದ ಗಡ್ಡೆಯಿಂದಲ್ಲ, ಅದು ದೂರದ ಅಂಗಗಳಿಗೆ ಹರಡುವುದರಿಂದ. ಕರುಳಿನ ಕ್ಯಾನ್ಸರ್ ಯಕೃತ್ತಿಗೆ ಹೋಗುತ್ತದೆ, ಸ್ತನದ ಕ್ಯಾನ್ಸರ್ ಎಲುಬಿಗೆ ಹೋಗುತ್ತದೆ. ಇದಕ್ಕೆ ಮೆಟಾಸ್ಟಾಸಿಸ್ ಎಂದು ಹೆಸರು. 1889ರಲ್ಲಿ ಸ್ಟೀಫನ್ ಪ್ಯಾಜೆಟ್ ಎಂಬ ಇಂಗ್ಲಿಷ್ ಶಸ್ತ್ರವೈದ್ಯರು ಸ್ತನ ಕ್ಯಾನ್ಸರಿನಿಂದ ಸತ್ತ 735 ಹೆಂಗಸರ ದಾಖಲೆಗಳನ್ನು ಪರಿಶೀಲಿಸಿ, ಕ್ಯಾನ್ಸರ್ ಕಂಡಕಂಡಲ್ಲಿ ಹರಡುವುದಿಲ್ಲ ಎಂದು ತೋರಿಸಿದರು. ಬೀಜ ಎಲ್ಲ ಕಡೆ ಬೀಳುತ್ತದೆ, ಆದರೆ ತನಗೆ ಹೊಂದುವ ಮಣ್ಣಿನಲ್ಲಿ ಮಾತ್ರ ಮೊಳೆಯುತ್ತದೆ ಎಂಬುದು ಅವರ ವಾದ. ಬೇಸಾಯ ಬಲ್ಲ ನಮಗೆ ಇದು ತಕ್ಷಣ ಅರ್ಥವಾಗುತ್ತದೆ. ಬೀಜವೂ ಬೇಕು, ಮಣ್ಣೂ ಬೇಕು. ಹಾಗಾದರೆ ನೀರು? ಆ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳುವವರು ಬರಲು ಇನ್ನೂ 70 ವರ್ಷಗಳಿಗಿಂತ ಹೆಚ್ಚು ಬೇಕಾಯಿತು.

ಕೇಳಿದವರು ಜೂಡಾ ಫೋಕ್‌ಮನ್. ಅಮೆರಿಕದ ಓಹಾಯೋ ರಾಜ್ಯದ ಕ್ಲೀವ್‌ಲೆಂಡಿನಲ್ಲಿ 1933ರಲ್ಲಿ ಹುಟ್ಟಿದವರು. ತಂದೆ ಯಹೂದಿ ಧರ್ಮಗುರು, ಮಗ ಶಸ್ತ್ರವೈದ್ಯ. 1960ರ ದಶಕದ ಆರಂಭದಲ್ಲಿ ಅವರು ಸೇನಾ ಸೇವೆಗಾಗಿ ಬೆಥೆಸ್ಡಾದ ನೌಕಾಪಡೆಯ ವೈದ್ಯಕೀಯ ಕೇಂದ್ರಕ್ಕೆ ಹೋಗಬೇಕಾಯಿತು. ಅಲ್ಲಿ ಅವರಿಗೆ ಕೊಟ್ಟ ಕೆಲಸಕ್ಕೂ ಕ್ಯಾನ್ಸರಿಗೂ ಸಂಬಂಧವೇ ಇರಲಿಲ್ಲ. ತಿಂಗಳುಗಟ್ಟಲೆ ಸಮುದ್ರದಲ್ಲಿರುವ ಹಡಗುಗಳಲ್ಲಿ ರಕ್ತವನ್ನು ಕೆಡದಂತೆ ಇಡುವುದು ಕಷ್ಟ, ಅದರ ಬದಲಿಗೆ ಬಳಸಬಹುದಾದ ಹಿಮೋಗ್ಲೋಬಿನ್ ದ್ರಾವಣವೊಂದನ್ನು ತಯಾರಿಸಬೇಕಿತ್ತು.

ದ್ರಾವಣ ಅಂಗಾಂಶವನ್ನು ಜೀವಂತ ಇಡುತ್ತದೆಯೇ ಎಂದು ನೋಡಲು ಫೋಕ್‌ಮನ್ ಮತ್ತು ಅವರ ಸಹೋದ್ಯೋಗಿ ಫ್ರೆಡರಿಕ್ ಬೆಕರ್ ಪ್ರಾಣಿಗಳ ಥೈರಾಯ್ಡ್ ಗ್ರಂಥಿಯನ್ನು ತೆಗೆದು ಗಾಜಿನ ಪಾತ್ರೆಯಲ್ಲಿಟ್ಟು, ಅದರ ನಾಳಗಳ ಮೂಲಕ ದ್ರಾವಣವನ್ನು ಹರಿಸಿದರು. ಗ್ರಂಥಿ ಬದುಕಿತು. ಅದರಲ್ಲಿ ಹೊಸದೇನಾದರೂ ಬೆಳೆಯಬಲ್ಲದೇ ಎಂದು ನೋಡಲು ಇಲಿಯ ಕ್ಯಾನ್ಸರ್ ಕೋಶಗಳನ್ನು ಹಾಕಿದರು. ಕ್ಯಾನ್ಸರಿಗಿಂತ ಬೇಗ ಬೆಳೆಯುವಂಥದ್ದು ಇನ್ನೇನಿದೆ? ಗಡ್ಡೆಗಳು ಬೆಳೆದವು. ಸುಮಾರು ಒಂದು ಮಿಲಿಮೀಟರ್ ಗಾತ್ರಕ್ಕೆ, ಅಂದರೆ ಸಾಸಿವೆ ಕಾಳಿನಷ್ಟಕ್ಕೆ ಬಂದು ಎಲ್ಲವೂ ನಿಂತುಬಿಟ್ಟವು. ಸತ್ತುಹೋದವೇ? ಇಲ್ಲ. ಅದೇ ಗಡ್ಡೆಗಳನ್ನು ತೆಗೆದು ಜೀವಂತ ಇಲಿಗಳ ಮೈಗೆ ಸೇರಿಸಿದಾಗ ಅವು ದೊಡ್ಡದಾಗಿ ಬೆಳೆದು ಇಲಿಗಳನ್ನು ಕೊಂದವು.

ವಿದ್ಯಾರ್ಥಿಗಳೇ, ಇಲ್ಲಿ ಸ್ವಲ್ಪ ನಿಲ್ಲಿ. ಇಂಥ ಫಲಿತಾಂಶ ಬಂದರೆ ನೀವೇನು ಮಾಡುತ್ತಿದ್ದಿರಿ? "ಪ್ರಯೋಗ ಸರಿಬರಲಿಲ್ಲ" ಎಂದು ಬರೆದು ಪುಟ ತಿರುಗಿಸುತ್ತಿದ್ದಿರಿ. ನಾನೂ ಬಹುಶಃ ಹಾಗೇ ಮಾಡುತ್ತಿದ್ದೆ. ಫೋಕ್‌ಮನ್ ಮಾತ್ರ ಜೀವಂತ ಇಲಿಯಲ್ಲಿ ಇದ್ದು ಗಾಜಿನ ಪಾತ್ರೆಯಲ್ಲಿ ಇಲ್ಲದ್ದು ಏನು ಎಂದು ಯೋಚಿಸಿದರು. ಇಲಿಯಲ್ಲಿ ಗಡ್ಡೆಯೊಳಗೆ ಹೊಸ ರಕ್ತನಾಳಗಳು ಹೊಕ್ಕಿದ್ದವು. ಪಾತ್ರೆಯ ಗ್ರಂಥಿಯಲ್ಲಿ ಹೊಸ ನಾಳ ಹುಟ್ಟಿರಲಿಲ್ಲ.

ಕಾರಣ ಕಷ್ಟದ್ದೇನಲ್ಲ. ಆಮ್ಲಜನಕ ನಾಳದಿಂದ ಹೊರಬಂದು ಅಂಗಾಂಶದಲ್ಲಿ ಚಲಿಸಬಲ್ಲ ದೂರ ಬಹಳ ಕಡಿಮೆ, ಒಂದು ಮಿಲಿಮೀಟರಿನ ಹತ್ತನೇ ಒಂದು ಅಥವಾ ಎರಡು ಭಾಗ, ಅಷ್ಟೇ. ಹಾಗಾಗಿ ನಮ್ಮ ದೇಹದ ಬಹುತೇಕ ಪ್ರತಿ ಜೀವಕೋಶದ ಹತ್ತಿರವೂ ಕೂದಲಿಗಿಂತ ತೆಳುವಾದ ಲೋಮನಾಳವೊಂದು ಹಾದುಹೋಗಲೇಬೇಕು. ಗಡ್ಡೆ ಒಂದೆರಡು ಮಿಲಿಮೀಟರ್ ದಾಟಿದರೆ ಅದರ ನಡುವಿನ ಕೋಶಗಳು ಉಸಿರುಗಟ್ಟುತ್ತವೆ. ಆಗ ಅವು ಸುಮ್ಮನೆ ಸಾಯುವುದಿಲ್ಲ, ಸಂದೇಶ ಕಳುಹಿಸುತ್ತವೆ. ಪಕ್ಕದ ನಾಳದ ಗೋಡೆಯ ಕೋಶಗಳು ಆ ಸಂದೇಶಕ್ಕೆ ಓಗೊಟ್ಟು ಕವಲೊಡೆದು ಗಡ್ಡೆಯ ಕಡೆಗೆ ಬೆಳೆಯುತ್ತವೆ. ಇದೇ ಆಂಜಿಯೋಜೆನೆಸಿಸ್, ಅಂದರೆ ಹೊಸ ರಕ್ತನಾಳಗಳ ಹುಟ್ಟು. ಗಾಯ ಮಾಯುವಾಗಲೂ, ಗರ್ಭದಲ್ಲಿ ಮಗು ಬೆಳೆಯುವಾಗಲೂ ಇದೇ ನಡೆಯುತ್ತದೆ. ಕ್ಯಾನ್ಸರ್ ಹೊಸ ವಿದ್ಯೆಯನ್ನೇನೂ ಕಲಿತದ್ದಲ್ಲ, ದೇಹದ ವಿದ್ಯೆಯನ್ನೇ ಕದ್ದದ್ದು. ಇನ್ನೊಂದು ವಿಷಯ: ನೀರು ತರುವ ಈ ಕಾಲುವೆಯೇ ಹೊರಹೋಗುವ ದಾರಿಯೂ ಆಗುತ್ತದೆ. ಗಡ್ಡೆಯ ಕೋಶಗಳು ಇದೇ ನಾಳಗಳ ಒಳಗೆ ನುಸುಳಿ ಯಕೃತ್ತಿಗೆ, ಶ್ವಾಸಕೋಶಕ್ಕೆ ಪ್ರಯಾಣ ಮಾಡುತ್ತವೆ. ಅಲ್ಲಿ ಇಳಿದ ಮೇಲೂ ಹೊಸ ಕಾಲುವೆ ಸಿಗುವ ತನಕ ಸಾಸಿವೆ ಗಾತ್ರದಲ್ಲೇ ಕುಳಿತಿರಬೇಕು, ಕೆಲವೊಮ್ಮೆ ವರ್ಷಗಟ್ಟಲೆ.

ಫೋಕ್‌ಮನ್ 1971ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಯಲ್ಲಿ ತಮ್ಮ ವಾದವನ್ನು ಮಂಡಿಸಿದರು. ಗಡ್ಡೆ ರಾಸಾಯನಿಕ ಸಂದೇಶದಿಂದ ನಾಳಗಳನ್ನು ಕರೆಸಿಕೊಳ್ಳುತ್ತದೆ, ಆ ಸಂದೇಶವನ್ನು ತಡೆದರೆ ಗಡ್ಡೆಯನ್ನು ಸಾಸಿವೆ ಗಾತ್ರದಲ್ಲೇ ಹಿಡಿದಿಡಬಹುದು ಎಂದರು. ಆಗ ಅವರು ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯಲ್ಲಿ ಮುಖ್ಯ ಶಸ್ತ್ರವೈದ್ಯರು. ಹೆಚ್ಚಿನ ವಿಜ್ಞಾನಿಗಳು ನಂಬಲಿಲ್ಲ. ಗಡ್ಡೆಯ ಸುತ್ತ ನಾಳಗಳು ಕಾಣುವುದು ಬರೀ ಉರಿಯೂತ, ಶಸ್ತ್ರವೈದ್ಯನಿಗೆ ಪ್ರಯೋಗಾಲಯದಲ್ಲೇನು ಕೆಲಸ ಎಂಬ ಧಾಟಿ ಇತ್ತು. ಅವರ ಶಿಷ್ಯ ಮೈಕೇಲ್ ಗಿಂಬ್ರೋನ್ ಜೊತೆ ಮೊಲದ ಕಣ್ಣಿನಲ್ಲಿ ಮಾಡಿದ ಪ್ರಯೋಗ ನನಗೆ ಬಹಳ ಇಷ್ಟ. ಕಣ್ಣಿನ ಮುಂಭಾಗದ ದ್ರವದಲ್ಲಿ ತೇಲುತ್ತಿದ್ದ ಗಡ್ಡೆಯ ತುಣುಕು ಚಿಕ್ಕದಾಗಿಯೇ ಉಳಿಯಿತು. ಅದೇ ತುಣುಕು ನಾಳಗಳಿರುವ ಕಣ್ಣಿನ ಬಣ್ಣದ ಪೊರೆಗೆ ತಾಗಿದಾಗ ನಾಳಗಳು ಹುಟ್ಟಿ ಗಡ್ಡೆ ಊದಿಕೊಂಡಿತು. ಒಂದೇ ಕಣ್ಣು, ಒಂದೇ ಗಡ್ಡೆ, ವ್ಯತ್ಯಾಸ ನೀರಿನದ್ದು ಮಾತ್ರ.

ಆ ಸಂದೇಶ ಯಾವುದು? 1983ರಲ್ಲಿ ಹೆರಾಲ್ಡ್ ಡ್ವೊರಾಕ್ ಅವರ ತಂಡ ನಾಳಗಳನ್ನು ಸೋರುವಂತೆ ಮಾಡುವ ಒಂದು ಪ್ರೋಟೀನನ್ನು ಗಡ್ಡೆಗಳಲ್ಲಿ ಗುರುತಿಸಿತು. 1989ರಲ್ಲಿ ಜೆನೆನ್‌ಟೆಕ್ ಕಂಪನಿಯ ನೆಪೋಲಿಯೋನೆ ಫೆರಾರಾ ನಾಳಗಳನ್ನು ಬೆಳೆಸುವ ಪ್ರೋಟೀನಿನ ವಂಶವಾಹಿಯನ್ನು ಬೇರ್ಪಡಿಸಿದರು. ಎರಡೂ ಒಂದೇ ವಸ್ತು ಎಂದು ಗೊತ್ತಾಯಿತು. ಅದರ ಹೆಸರು ವಿಇಜಿಎಫ್. ಉಸಿರುಗಟ್ಟಿದ ಕೋಶ ಆಮ್ಲಜನಕದ ಕೊರತೆಯನ್ನು ಹೇಗೆ ತಿಳಿದುಕೊಂಡು ಈ ಪ್ರೋಟೀನನ್ನು ತಯಾರಿಸುತ್ತದೆ ಎಂಬುದರ ಹಿಂದಿನ ರಹಸ್ಯವನ್ನು ಬಿಡಿಸಿದ ಮೂವರಿಗೆ 2019ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ಈಗ ಚೂರಿಯ ಮಾತಿಗೆ ಬರೋಣ. ಮೊದಲ ಗಡ್ಡೆಯನ್ನು ತೆಗೆದ ಮೇಲೆ ಬೇರೆ ಕಡೆಯ ಗಡ್ಡೆಗಳು ಕೆಲವೊಮ್ಮೆ ರಭಸದಿಂದ ಬೆಳೆಯುವುದನ್ನು ಶಸ್ತ್ರವೈದ್ಯರೂ ಕಂಡಿದ್ದರು. ಫೋಕ್‌ಮನ್ ಪ್ರಯೋಗಾಲಯದ ಮೈಕೇಲ್ ಒರೈಲಿ ಇದನ್ನು ಇಲಿಗಳಲ್ಲಿ ಪರೀಕ್ಷಿಸಿದರು. ಒಂದು ಬಗೆಯ ಶ್ವಾಸಕೋಶ ಕ್ಯಾನ್ಸರಿನ ಗಡ್ಡೆ ಇಲಿಯ ಬೆನ್ನಿನ ಮೇಲೆ ಇರುವ ತನಕ ಶ್ವಾಸಕೋಶಕ್ಕೆ ಹರಡಿದ ಬೀಜಗಳು ಸಾಸಿವೆ ಗಾತ್ರದಲ್ಲೇ ಇದ್ದವು. ಬೆನ್ನಿನ ಗಡ್ಡೆಯನ್ನು ತೆಗೆದರೆ ಅವು ಬೆಳೆದವು. ಅಂದರೆ ದೊಡ್ಡ ಗಡ್ಡೆ ತನ್ನ ಮರಿಗಳಿಗೆ ನೀರು ಸಿಗದಂತೆ ಮಾಡುವ ಯಾವುದೋ ವಸ್ತುವನ್ನು ರಕ್ತಕ್ಕೆ ಬಿಡುತ್ತಿತ್ತು. ಒರೈಲಿ ಆ ಇಲಿಗಳ ಮೂತ್ರವನ್ನು ಶೇಖರಿಸಿ, ಸೋಸಿ ಸೋಸಿ ಕೊನೆಗೆ ಆ ವಸ್ತುವನ್ನು ಹಿಡಿದರು. 1994ರಲ್ಲಿ ಆಂಜಿಯೋಸ್ಟಾಟಿನ್ ಎಂಬ ಹೆಸರಿನಲ್ಲಿ ಅದು ಪ್ರಕಟವಾಯಿತು, 1997ರಲ್ಲಿ ಎಂಡೋಸ್ಟಾಟಿನ್ ಬಂತು. ಇಲಿಗಳಲ್ಲಿ ಗಡ್ಡೆಗಳು ಕುಗ್ಗಿದವು.

ಹಾಗಾದರೆ ನಮ್ಮ ಊರಿನ ಮಾತು ಸತ್ಯವಾಯಿತಲ್ಲ ಎನ್ನಬೇಡಿ. ದಯವಿಟ್ಟು ಗಮನವಿಟ್ಟು ಕೇಳಿ. ಇಲಿಯಲ್ಲಿ ಬೀಜಗಳನ್ನು ಬಿತ್ತಿದ್ದು ಚೂರಿಯಲ್ಲ, ಆ ಗಡ್ಡೆಯೇ. ಚೂರಿ ತಾಗುವ ಮೊದಲೇ ಅವು ಶ್ವಾಸಕೋಶದಲ್ಲಿದ್ದವು. ಎಲ್ಲ ಗಡ್ಡೆಗಳೂ ಮರಿಗಳನ್ನು ಹೀಗೆ ತಡೆದಿಡುವುದಿಲ್ಲ. ಗಡ್ಡೆಯನ್ನು ಹಾಗೇ ಬಿಟ್ಟರೆ ಅದು ದಿನವೂ ಹೊಸ ಬೀಜ ಬಿತ್ತುತ್ತಾ ಹೋಗುತ್ತದೆ. ನಮ್ಮ ಊರುಗಳಲ್ಲಿ ಆಪರೇಷನ್ ಆದ ಮೇಲೆ ರೋಗಿ ಬೇಗ ತೀರಿಕೊಂಡದ್ದಕ್ಕೆ ಹೆಚ್ಚಿನ ಸಲ ಕಾರಣ ತಡವಾಗಿ ಹೋದದ್ದು. ಬೇಗ ಪತ್ತೆಯಾದ ಗಡ್ಡೆಗೆ ಇವತ್ತಿಗೂ ಶಸ್ತ್ರಚಿಕಿತ್ಸೆಯೇ ದೊಡ್ಡ ಚಿಕಿತ್ಸೆ. ಎಂಟು ತಿಂಗಳು ಮನೆಯಲ್ಲಿ ಕುಳಿತವರಿಗೆ ಇದನ್ನು ಯಾರೂ ಹೇಳಿರಲಿಲ್ಲ.

1998ರ ಮೇ 3ರಂದು ನ್ಯೂಯಾರ್ಕ್ ಟೈಮ್ಸ್ ಮುಖಪುಟದಲ್ಲಿ ಈ ಇಲಿಗಳ ಸುದ್ದಿ ಬಂತು. ಕ್ಯಾನ್ಸರಿಗೆ ಮದ್ದು ಸಿಕ್ಕಿಯೇಬಿಟ್ಟಿತು ಎಂದು ಜಗತ್ತು ಓದಿಕೊಂಡಿತು. ಸಂಬಂಧಪಟ್ಟ ಕಂಪನಿಯ ಷೇರು ಒಂದೇ ದಿನದಲ್ಲಿ ಹಲವು ಪಟ್ಟು ಏರಿತು, ಆಸ್ಪತ್ರೆಯ ದೂರವಾಣಿಗೆ ಬಿಡುವಿಲ್ಲದಂತಾಯಿತು. ಫೋಕ್‌ಮನ್ ಮಾತ್ರ ನೀವು ಇಲಿಯಾಗಿದ್ದರೆ ನಾವು ಚೆನ್ನಾಗಿ ನೋಡಿಕೊಳ್ಳಬಲ್ಲೆವು ಎಂದು ಹೇಳಿ ಸುಮ್ಮನಾದರು. ಅವರ ಎಚ್ಚರಿಕೆ ಸರಿಯಾಗಿತ್ತು. ಅಮೆರಿಕದ ಪ್ರಯೋಗಗಳಲ್ಲಿ ಎಂಡೋಸ್ಟಾಟಿನ್ ಮನುಷ್ಯರಲ್ಲಿ ಇಲಿಗಳ ಫಲ ಕೊಡಲಿಲ್ಲ. ಇದೇ ಹೊತ್ತಿನಲ್ಲಿ ಶಾರ್ಕ್ ಮೀನಿನ ಮೃದ್ವಸ್ಥಿಯ ಪುಡಿ ರಕ್ತನಾಳಗಳನ್ನು ಒಣಗಿಸುತ್ತದೆ ಎಂದು ಡಬ್ಬಿಗಟ್ಟಲೆ ಮಾರಿದವರೂ ಇದ್ದರು. ಶಾರ್ಕಿನ ಮೃದ್ವಸ್ಥಿಯ ಸಾರವನ್ನು ಶ್ವಾಸಕೋಶ ಕ್ಯಾನ್ಸರಿನ ರೋಗಿಗಳಿಗೆ ಕೊಟ್ಟು ನೋಡಿದ ದೊಡ್ಡ ಪ್ರಯೋಗದ ವರದಿ 2010ರಲ್ಲಿ ಪ್ರಕಟವಾಯಿತು. ಪ್ರಯೋಜನ ಸೊನ್ನೆ. (ಅಂದ ಹಾಗೆ, ಶಾರ್ಕಿಗೂ ಕ್ಯಾನ್ಸರ್ ಬರುತ್ತದೆ.)

ಗೆದ್ದದ್ದು ಫೆರಾರಾ ಅವರ ದಾರಿ. ವಿಇಜಿಎಫ್ ಪ್ರೋಟೀನನ್ನು ಹಿಡಿದು ನಿಷ್ಕ್ರಿಯಗೊಳಿಸುವ ಪ್ರತಿಕಾಯವನ್ನು ತಯಾರಿಸಿದರು. ಅದರ ಹೆಸರು ಬೆವಾಸಿಝುಮಾಬ್, ಮಾರುಕಟ್ಟೆಯ ಹೆಸರು ಅವಾಸ್ಟಿನ್. ಹರಡಿದ ಕರುಳಿನ ಕ್ಯಾನ್ಸರ್ ಇದ್ದ 813 ರೋಗಿಗಳ ಮೇಲೆ ಪ್ರಯೋಗ ನಡೆಯಿತು. ಬರೀ ಕೀಮೋಥೆರಪಿ ಪಡೆದವರಲ್ಲಿ ಅರ್ಧದಷ್ಟು ಜನ 15.6 ತಿಂಗಳು ದಾಟಿದರು. ಕೀಮೋ ಜೊತೆಗೆ ಈ ಇಂಜೆಕ್ಷನ್ ಪಡೆದವರಲ್ಲಿ ಅರ್ಧದಷ್ಟು ಜನ 20.3 ತಿಂಗಳು ದಾಟಿದರು. 2004ರ ಫೆಬ್ರವರಿಯಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಫೋಕ್‌ಮನ್ ಲೇಖನ ಬಂದು ಆಗ 33 ವರ್ಷ.

20.3ರಿಂದ 15.6 ಕಳೆದರೆ ಎಷ್ಟು? 4.7 ತಿಂಗಳು. ಈ ಲೆಕ್ಕವನ್ನು ನಾನು ತರಗತಿಯಲ್ಲಿ ಎಷ್ಟೋ ಸಲ ಬರೆದಿದ್ದೇನೆ. 2008ರಲ್ಲಿ ಅದು ನಮ್ಮ ಮನೆಗೇ ಬಂತು. ನನ್ನ ಭಾವನಿಗೆ ಕರುಳಿನ ಕ್ಯಾನ್ಸರ್, ಪತ್ತೆಯಾಗುವಾಗಲೇ ಯಕೃತ್ತಿಗೆ ಹರಡಿತ್ತು. ಆಸ್ಪತ್ರೆಯಲ್ಲಿ ಕೀಮೋ ಜೊತೆ ಈ ಇಂಜೆಕ್ಷನನ್ನೂ ಕೊಡಬಹುದು ಎಂದರು. ಎರಡು ವಾರಕ್ಕೊಮ್ಮೆ, ಒಂದೊಂದು ಸಲಕ್ಕೆ ನನ್ನ ಅಂದಿನ ತಿಂಗಳ ಸಂಬಳಕ್ಕಿಂತ ಹೆಚ್ಚು. ಅಕ್ಕನ ಮಗ ನನ್ನನ್ನು ಆಸ್ಪತ್ರೆಯ ವರಾಂಡಕ್ಕೆ ಕರೆದುಕೊಂಡು ಹೋಗಿ, "ಮಾಮಾ, ಅಡಿಕೆ ತೋಟ ಮಾರಿದರೆ ಅಬ್ಬ ಉಳಿಯುತ್ತಾರಾ?" ಎಂದು ಕೇಳಿದ. ಉಳಿಯುತ್ತಾರೆ ಎಂದು ಹೇಳುವುದು ಎಷ್ಟು ಸುಲಭವಾಗಿತ್ತು! ಇದು ಗುಣಪಡಿಸುವ ಮದ್ದಲ್ಲ, ಕೆಲವು ತಿಂಗಳು ಕೊಡಬಹುದು, ಕೆಲವರಿಗೆ ಹೆಚ್ಚು, ಕೆಲವರಿಗೆ ಏನೂ ಇಲ್ಲ ಎಂದೆ. ರಕ್ತದೊತ್ತಡ ಏರಬಹುದು, ಗಾಯ ಮಾಯುವುದು ನಿಧಾನವಾಗಬಹುದು, ಅಪರೂಪಕ್ಕೆ ಕರುಳಿನಲ್ಲಿ ತೂತಾಗುವುದೂ ಉಂಟು ಎಂದೂ ಹೇಳಿದೆ. ಗಾಯ ಮಾಯಿಸುವುದೂ ಹೊಸ ನಾಳಗಳೇ ಅಲ್ಲವೇ? ಅವನು ಹೋಗಿ ತಂದೆಗೆ ಹೇಳಿದ. ಭಾವ ನನ್ನನ್ನು ಕರೆಸಿ ಎಲ್ಲವನ್ನೂ ಇನ್ನೊಮ್ಮೆ ಕೇಳಿದರು. "ತೋಟ ಇರಲಿ. ಚಿಕ್ಕವಳ ಕಾಲೇಜು ಮುಗಿದಿಲ್ಲ" ಎಂದರು. ಕೀಮೋ ಮಾತ್ರ ತೆಗೆದುಕೊಂಡರು. ಒಂದು ವರ್ಷ ಎರಡು ತಿಂಗಳು ಇದ್ದರು. ಆ ಇಂಜೆಕ್ಷನ್ ಕೊಟ್ಟಿದ್ದರೆ ಎಂದು ಅಕ್ಕ ಈಗಲೂ ಒಮ್ಮೊಮ್ಮೆ ಕೇಳುತ್ತಾರೆ. 813 ಜನರ ಲೆಕ್ಕ ಒಬ್ಬನ ಬಗ್ಗೆ ಉತ್ತರ ಕೊಡುವುದಿಲ್ಲ.

ಬೆಲೆಯ ವಿಷಯದಲ್ಲಿ ನಮ್ಮ ದೇಶದಲ್ಲಿ ಮುಂದೆ ಒಂದು ಮುಖ್ಯ ಘಟನೆ ನಡೆಯಿತು. ಸೊರಾಫೆನಿಬ್ ಎಂಬ ಮಾತ್ರೆಯೂ ಈ ನಾಳಗಳ ಸಂದೇಶವನ್ನೇ ತಡೆಯುವಂಥದ್ದು, ಮೂತ್ರಪಿಂಡ ಮತ್ತು ಯಕೃತ್ತಿನ ಕ್ಯಾನ್ಸರಿಗೆ ಕೊಡುತ್ತಾರೆ. ಬೇಯರ್ ಕಂಪನಿಯ ಮಾತ್ರೆಗೆ ಆಗ ತಿಂಗಳಿಗೆ ಸುಮಾರು 2 ಲಕ್ಷ 80 ಸಾವಿರ ರೂಪಾಯಿ ಇತ್ತು. 2012ರ ಮಾರ್ಚಿನಲ್ಲಿ ಭಾರತದ ಪೇಟೆಂಟ್ ನಿಯಂತ್ರಕರು ಹೈದರಾಬಾದಿನ ನ್ಯಾಟ್ಕೊ ಕಂಪನಿಗೆ ಅದನ್ನು ತಯಾರಿಸಲು ಕಡ್ಡಾಯ ಪರವಾನಗಿ ಕೊಟ್ಟರು. ಬೆಲೆ ತಿಂಗಳಿಗೆ 9 ಸಾವಿರಕ್ಕಿಂತ ಕೆಳಗಿಳಿಯಿತು. ನಮ್ಮ ದೇಶದಲ್ಲಿ ಇಂಥ ಪರವಾನಗಿ ಅದೇ ಮೊದಲು. ಕಾನೂನು ಓದುವ ಮಕ್ಕಳು ಈ ಪ್ರಕರಣವನ್ನು ಹುಡುಕಿ ಓದಿ, ಕ್ಯಾನ್ಸರ್ ಚಿಕಿತ್ಸೆಯಲ್ಲಿ ವಕೀಲರಿಗೂ ಕೆಲಸವಿದೆ. ಬೆವಾಸಿಝುಮಾಬಿಗೆ ಸಮಾನವಾದ ಔಷಧವನ್ನು ಬೆಂಗಳೂರಿನ ಬಯೋಕಾನ್ 2017ರಲ್ಲಿ ಬಿಡುಗಡೆ ಮಾಡಿತು, ಭಾರತದ ಬೇರೆ ಕಂಪನಿಗಳೂ ತಯಾರಿಸುತ್ತಿವೆ.

ಕಾಲುವೆ ಕಡಿದರೂ ಗಡ್ಡೆ ಯಾಕೆ ಸಾಯುವುದಿಲ್ಲ? ಅದು ಬೇರೆ ದಾರಿ ಹುಡುಕುತ್ತದೆ. ವಿಇಜಿಎಫ್ ಇಲ್ಲದಿದ್ದರೆ ಬೇರೆ ಪ್ರೋಟೀನಿನಿಂದ ನಾಳ ಕರೆಸಿಕೊಳ್ಳುತ್ತದೆ. ಯಕೃತ್ತು, ಶ್ವಾಸಕೋಶಗಳಲ್ಲಿ ಮೊದಲೇ ಇರುವ ನಾಳಗಳನ್ನು ತಬ್ಬಿಕೊಂಡು ಹೊಸ ನಾಳದ ಹಂಗಿಲ್ಲದೆ ಬೆಳೆಯುವುದೂ ಉಂಟು. ಇನ್ನೂ ಕಳವಳದ ಸಂಗತಿಯೆಂದರೆ, 2009ರಲ್ಲಿ ಪ್ರಕಟವಾದ ಎರಡು ಅಧ್ಯಯನಗಳಲ್ಲಿ ನೀರು ನಿಂತ ಗಡ್ಡೆಗಳು ಕೆಲವು ಇಲಿಗಳಲ್ಲಿ ಹೆಚ್ಚು ಹರಡಿದವು. ಬರಗಾಲದಲ್ಲಿ ಜನ ಊರು ಬಿಟ್ಟು ಹೋಗುವ ಹಾಗೆ. ಕರುಳಿನ ಗಡ್ಡೆ ತೆಗೆದ ಮೇಲೆ, ಕಣ್ಣಿಗೆ ಕಾಣದ ಬೀಜಗಳು ಮೊಳೆಯದಿರಲಿ ಎಂದು ಈ ಇಂಜೆಕ್ಷನನ್ನು 2,600ಕ್ಕೂ ಹೆಚ್ಚು ಜನರ ಪ್ರಯೋಗವೊಂದರಲ್ಲಿ ಪರೀಕ್ಷಿಸಿದರು. ಸಿದ್ಧಾಂತದ ಪ್ರಕಾರ ಇಲ್ಲಿಯೇ ಅದು ಅತ್ಯುತ್ತಮವಾಗಿ ಕೆಲಸ ಮಾಡಬೇಕಿತ್ತು. ಮಾಡಲಿಲ್ಲ, ಕ್ಯಾನ್ಸರ್ ಮರುಕಳಿಸುವುದು ಕಡಿಮೆಯಾಗಲಿಲ್ಲ. ಸ್ತನ ಕ್ಯಾನ್ಸರಿಗೆ 2008ರಲ್ಲಿ ಕೊಟ್ಟಿದ್ದ ಅನುಮತಿಯನ್ನು ಅಮೆರಿಕ 2011ರ ನವೆಂಬರಿನಲ್ಲಿ ಹಿಂದಕ್ಕೆ ಪಡೆಯಿತು. ಆಯುಸ್ಸು ಹೆಚ್ಚಿಸುವುದು ಸಾಬೀತಾಗಿರಲಿಲ್ಲ.

ಆದರೆ ಕಥೆ ಅಲ್ಲಿಗೆ ನಿಲ್ಲಲಿಲ್ಲ, ಅದನ್ನು ತಿರುಗಿಸಿದವರಲ್ಲಿ ಒಬ್ಬರು ನಮ್ಮ ದೇಶದವರು. ರಾಕೇಶ್ ಜೈನ್, ಉತ್ತರಪ್ರದೇಶದ ಲಲಿತಪುರದಲ್ಲಿ ಹುಟ್ಟಿ ಕಾನ್ಪುರದ ಐಐಟಿಯಲ್ಲಿ ಓದಿದ ಕೆಮಿಕಲ್ ಇಂಜಿನಿಯರ್. ವೈದ್ಯರಲ್ಲ. ಪೈಪುಗಳಲ್ಲಿ ದ್ರವ ಹರಿಯುವ ಲೆಕ್ಕ ಕಲಿತವರು ಗಡ್ಡೆಯ ನಾಳಗಳನ್ನು ನೋಡಿ, ಇವು ಸರಿಯಾದ ಕಾಲುವೆಗಳೇ ಅಲ್ಲ ಎಂದರು. ಸೊಟ್ಟ, ಸೋರುವ, ಕೆಲವು ಕಡೆ ಕುರುಡಾಗಿ ಮುಗಿಯುವ ನಾಳಗಳು. ಅದರಿಂದಾಗಿ ಕೀಮೋ ಔಷಧವೂ ಗಡ್ಡೆಯ ಒಳಗೆ ಸರಿಯಾಗಿ ತಲುಪುವುದಿಲ್ಲ. ಹಾಗಾದರೆ ನಾಳಗಳನ್ನು ಪೂರ್ತಿ ಕಡಿಯುವ ಬದಲು ಸ್ವಲ್ಪ ಕಾಲ ಸರಿಪಡಿಸಿ, ಆ ಹೊತ್ತಿನಲ್ಲಿ ಔಷಧವನ್ನು ಒಳಗೆ ಕಳುಹಿಸಬೇಕು ಎಂದು 2001ರಲ್ಲಿ ವಾದಿಸಿದರು. ಅವಾಸ್ಟಿನ್ ಕೀಮೋ ಜೊತೆ ಸೇರಿದಾಗ ಕೆಲಸ ಮಾಡುವುದಕ್ಕೆ ಇದೂ ಒಂದು ಕಾರಣವಿರಬಹುದು. 2020ರಲ್ಲಿ ಯಕೃತ್ತಿನ ಕ್ಯಾನ್ಸರಿಗೆ ಬೆವಾಸಿಝುಮಾಬನ್ನು ದೇಹದ ರೋಗನಿರೋಧಕ ಶಕ್ತಿಯನ್ನು ಬಡಿದೆಬ್ಬಿಸುವ ಇನ್ನೊಂದು ಔಷಧದ ಜೊತೆ ಕೊಟ್ಟಾಗ, ಬರೀ ಸೊರಾಫೆನಿಬ್ ಪಡೆದವರಿಗಿಂತ ರೋಗಿಗಳು ಹೆಚ್ಚು ಕಾಲ ಬದುಕಿದರು.

ಫೋಕ್‌ಮನ್ ಇದನ್ನು ನೋಡಲಿಲ್ಲ. 2008ರ ಜನವರಿಯಲ್ಲಿ ಸಮ್ಮೇಳನವೊಂದಕ್ಕೆ ಹೋಗುವ ದಾರಿಯಲ್ಲಿ ಡೆನ್ವರ್ ವಿಮಾನ ನಿಲ್ದಾಣದಲ್ಲಿ ತೀರಿಕೊಂಡರು. ಅವರು ಹಿಡಿದ ದಾರಿಯಿಂದ ಅತಿ ಹೆಚ್ಚು ಲಾಭವಾದವರಲ್ಲಿ ಕ್ಯಾನ್ಸರ್ ಇಲ್ಲದವರೂ ಇದ್ದಾರೆ. ವಯಸ್ಸಾದವರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಕಣ್ಣಿನ ಹಿಂಭಾಗದಲ್ಲಿ ಬೇಡದ ನಾಳಗಳು ಬೆಳೆದು ಸೋರಿ ದೃಷ್ಟಿ ಹೋಗುತ್ತದೆ. ಅಲ್ಲಿಯೂ ಅದೇ ವಿಇಜಿಎಫ್. 2005ರಿಂದ ಕಣ್ಣಿನ ವೈದ್ಯರು ಅದೇ ಅವಾಸ್ಟಿನನ್ನು, ಒಂದೂಕಾಲು ಮಿಲಿಗ್ರಾಂ ಮಾತ್ರ, ಕಣ್ಣಿನೊಳಗೆ ಚುಚ್ಚತೊಡಗಿದರು. ಕ್ಯಾನ್ಸರಿಗೆ ಕೊಡುವ ಪ್ರಮಾಣದ ಇನ್ನೂರರಲ್ಲಿ ಒಂದು ಪಾಲಿನಷ್ಟೂ ಇಲ್ಲ, ಹಾಗಾಗಿ ಖರ್ಚೂ ಕಡಿಮೆ. ಭಾವನ ಕಾಲಕ್ಕೆ ನಮಗೆ ಎಟುಕದ ಆ ಇಂಜೆಕ್ಷನ್ ಈಗ ನನ್ನ ಅಕ್ಕನ ಬಲಗಣ್ಣಿಗೆ ಮೂರು ಸಲ ಆಗಿದೆ. ಪೇಪರಿನ ದಪ್ಪ ಅಕ್ಷರ ಓದುತ್ತಾರೆ, ಸಣ್ಣಕ್ಷರ ಆಗುವುದಿಲ್ಲ.

ಸಮಯ ಮೀರಿದೆ ಎಂದು ಅಧ್ಯಕ್ಷರು ಗಡಿಯಾರ ತೋರಿಸುತ್ತಿದ್ದಾರೆ. ಆದರೆ ಮೂರನೇ ಸಾಲಿನಲ್ಲಿ ಒಬ್ಬಳು ಹುಡುಗಿ ಆಗಿನಿಂದ ಕೈಯೆತ್ತಿಕೊಂಡೇ ಕುಳಿತಿದ್ದಾಳೆ. ಕೇಳಮ್ಮಾ, ಏನು ನಿನ್ನ ಪ್ರಶ್ನೆ?